ಬೆಲ್ಲು ಒಬ್ಬನೇ ಹೊಡೆಯಬೇಕು

ಮೂವತ್ತನಾಲ್ಕಕ್ಕೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಕ್ರಿಕೆಟ್ ಆಡುವವನು ಅದೇ ವಯಸ್ಸಿಗೆ ಬ್ಯಾಟು ಕೆಳಗಿಟ್ಟರೆ ಹಾರ ಹಾಕಿ ಕಳಿಸುತ್ತೀರಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿಗೆ ಅಂಟಿಕೊಂಡು, ಬೇರೆಯವರ ತಪ್ಪಿಗೆ ತಾನು ಬ್ರೇಕು ತುಳಿಯುತ್ತಾ ಯೌವನ ಕಳೆದವಳು ಸಾಕು ಅಂದರೆ ಮಾತ್ರ ನಗು ಬರುವುದು ಯಾವ ನ್ಯಾಯ? ನಗುವವರನ್ನು ಒಪ್ಪಿಸುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಬಂಗಾರಪೇಟೆಯಲ್ಲಿ ಈಗ ಬೀದಿಗೊಂದು ಡ್ರೈವಿಂಗ್ ಸ್ಕೂಲು. ಕಲಿಸುವವರು ಬೇಕು ಎಂಬ ಬೋರ್ಡು ನೋಡಿ ಒಳಗೆ ಹೋಗುವ ಹುಡುಗ ಹುಡುಗಿಯರಿಗೆ ಸಂಬಳ ಎಷ್ಟು, ರಜೆ ಎಷ್ಟು ಎಂದು ಹೇಳುತ್ತಾರೆ. ಕೆಲಸ ಏನು ಎಂದು ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಅನುಮಾನ ಪರಿಹಾರ. ಮುಂದೆ ಹಳೇ ಕಾರು, ಹೊಸ ಕಾರು ಎಂಬ ಹೋಲಿಕೆ ಬರುತ್ತದೆ. ಹಾಗೆ ಹೋಲಿಸುವವಳು ಹಳೆಯದನ್ನು ಹೊಗಳುವ ಪೈಕಿ ಇರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ತಪ್ಪು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಎರಡಕ್ಕೂ ಗೆದ್ದ ಕಪ್ಪುಗಳು ಅಮ್ಮನ ಷೋಕೇಸಿನಲ್ಲಿ ಧೂಳು ಹಿಡಿದಿವೆ. ಅದೂ ಅಲ್ಲದೆ ನಾನು ಹುಟ್ಟಿದ್ದು ಕೆಜಿಎಫ್ ಚಿನ್ನದ ಗಣಿಯ ಉರಿಗಾಂನಲ್ಲಿ, ಕಾರ್ಮಿಕರ ಲೈನು ಮನೆಗಳಲ್ಲಿ. 'ಹಿಂದಿನ ಕಾಲವೇ ಚೆನ್ನಾಗಿತ್ತು' ಎನ್ನುವ ಮಾತನ್ನು ಅಲ್ಲಿ ಹುಟ್ಟಿದವರು ನಂಬಬಾರದು. ಅಲ್ಲಿ ಎಲ್ಲರ ಮನೆಯಲ್ಲೂ ಒಂದು ಹಿಂದಿನ ಕಾಲ ಇದೆ, ಅದರ ಜೊತೆಗೆ ರಾತ್ರಿಯೆಲ್ಲ ಕೆಮ್ಮುವ ಒಬ್ಬ ಅಜ್ಜನೂ ಇದ್ದಾನೆ.

ನಾನು ಕೆಲಸಕ್ಕೆ ಸೇರಿದ ಸ್ಕೂಲಿನ ಮಾಲೀಕರು ಸೆಲ್ವರಾಜಣ್ಣ. ಗಣಿ ನಡೆಯುತ್ತಿದ್ದಾಗ ಅವರು ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಾಯಲ್ಲಿ ಬೆಲ್ಲು ಹೊಡೆಯುವ ಕೆಲಸದಲ್ಲಿದ್ದರು. ಜನರನ್ನು ಭೂಮಿಯೊಳಕ್ಕೆ ಇಳಿಸುವ ಕಬ್ಬಿಣದ ಪಂಜರವನ್ನು ಇಲ್ಲಿ ಕೇಜು ಎನ್ನುತ್ತಾರೆ. ಆ ಕೇಜನ್ನು ಇಳಿಸಿ ಏರಿಸುವ ಯಂತ್ರದವನು ದೂರದ ಇನ್ನೊಂದು ಕಟ್ಟಡದಲ್ಲಿ ಕೂತಿರುತ್ತಾನೆ. ಅವನಿಗೆ ಕೇಜೂ ಕಾಣದು, ಜನರೂ ಕಾಣರು. ಅವನಿಗೆ ಸಿಗುವುದು ಬೆಲ್ಲಿನ ಸದ್ದು ಮಾತ್ರ. ಒಂದು ಸಲ ಹೊಡೆದರೆ ನಿಲ್ಲು. ಎರಡು ಸಲ ಹೊಡೆದರೆ ಹೊರಡು. ಮೂರು ಹೊಡೆದರೆ ಮನುಷ್ಯರಿದ್ದಾರೆ, ನಿಧಾನ.

ಗಣಿ ಮುಚ್ಚಿತು. ಸೆಲ್ವರಾಜಣ್ಣ ಒಂದು ಬಿಳಿ ಪುಟ್ಟ ಕಾರು ಕೊಂಡು ಡ್ರೈವಿಂಗ್ ಸ್ಕೂಲು ತೆರೆದರು. ಕೈಯಲ್ಲಿದ್ದ ವಿದ್ಯೆಯನ್ನು ಬಿಡಲಿಲ್ಲ. ಎಡಗಡೆ ಸೀಟಿನಲ್ಲಿ ಕೂತು, ಕಿಟಕಿಯ ಗಾಜು ಪೂರ್ತಿ ಇಳಿಸಿ, ಎಡಗೈಯನ್ನು ಹೊರಗೆ ಚಾಚಿ ಬಾಗಿಲಿನ ತಗಡಿನ ಮೇಲೆ ತಟ್ಟುತ್ತಿದ್ದರು. ಒಂದು, ಎರಡು, ಮೂರು. ಅಷ್ಟೇ ಪಾಠ.

ಮೊದಲ ವಾರ ನಾನು ಬಾಯಿಂದಲೇ ಕಲಿಸುತ್ತಿದ್ದೆ. ಮಾತು ನನ್ನ ಬಂಡವಾಳವಲ್ಲವೇ? ಎಡಕ್ಕೆ, ಬಲಕ್ಕೆ, ಬ್ರೇಕು ಬ್ರೇಕು ಎಂದು ವ್ಯಾಖ್ಯಾನ ಕೊಡುತ್ತಿದ್ದೆ. ಅದರ ಫಲ ಏನಾಯಿತೆಂದರೆ, ನಾನು ಕೂಗಿದಾಗಲೆಲ್ಲ ಕಲಿಯುವವರು ರಸ್ತೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಒಬ್ಬ ಹುಡುಗನಂತೂ ನಾನು 'ಮುಂದೆ ನೋಡು' ಎಂದು ಹೇಳಿದ್ದನ್ನು ಕೇಳಿಸಿಕೊಳ್ಳಲು ಪೂರಾ ನನ್ನ ಕಡೆ ತಿರುಗಿದ. ಹಿಂದಿನ ಸೀಟಿನಲ್ಲಿದ್ದ ಸೆಲ್ವರಾಜಣ್ಣ ಅದನ್ನು ನೋಡಿದರು. ಮಾರನೇ ದಿನ ನನ್ನ ಕೈ ಹಿಡಿದು ಬಾಗಿಲಿನ ತಗಡಿನ ಮೇಲೆ ಇಟ್ಟರು.

"ಬಾಯಿ ಮುಚ್ಕೊಂಡು ಕಲ್ಸು ತಂಗಚ್ಚಿ. ಸದ್ದು ಕಿವಿಗೆ ಹೋಗ್ಬೇಕು, ಕಣ್ಣು ರೋಡಲ್ಲೇ ಇರ್ಬೇಕು."

ನನ್ನಂಥವಳಿಗೆ ಬಾಯಿ ಮುಚ್ಚು ಎಂದವರಲ್ಲಿ ಗೆದ್ದವರು ಅವರೊಬ್ಬರೇ.

ಇನ್ನೊಂದು ನಿಯಮ ಇತ್ತು. ಅದನ್ನು ಕಲಿತಿದ್ದು ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಎದುರು, ಮರ್ಯಾದೆ ಕಳೆದುಕೊಂಡು. ಕಲಿಯುತ್ತಿದ್ದ ಸೊಸೆಯ ಜೊತೆ ಅತ್ತೆಯೂ ಬಂದು ಹಿಂದೆ ಕೂತಿದ್ದರು. ಸೊಸೆ ಚೆನ್ನಾಗಿಯೇ ಓಡಿಸುತ್ತಿದ್ದಳು. ಅತ್ತೆ ಯಾರಿಗೋ ಕೈ ಬೀಸಲು ಹೋದಾಗ ಬಳೆ ಬಾಗಿಲಿಗೆ ತಾಗಿ ಟಕ್ ಎಂದಿತು. ಒಂದು ಸದ್ದು ಎಂದರೆ ನಿಲ್ಲು. ಸೊಸೆ ಬಸ್ಸಿನ ಮೂತಿಯ ಮುಂದೆ ಗಕ್ಕನೆ ನಿಲ್ಲಿಸಿದಳು. ಡ್ರೈವರು ತೆಲುಗಿನಲ್ಲಿ ಬೈದ, ಕಂಡಕ್ಟರು ತಮಿಳಿನಲ್ಲಿ ಬೈದ, ಹೂವಿನವಳು ಎರಡನ್ನೂ ಕನ್ನಡಕ್ಕೆ ತಂದು ಬೈದಳು. ಸಂಜೆ ಸೆಲ್ವರಾಜಣ್ಣನಿಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

"ಬೆಲ್ಲು ಒಬ್ಬನೇ ಹೊಡೀಬೇಕು. ಇಬ್ಬರು ಹೊಡೆದ್ರೆ ಕೇಜು ಯಾರ ಮಾತು ಕೇಳುತ್ತೆ?"

ಗಣಿಯಲ್ಲಿ ಒಂದು ಕೇಜಿಗೆ ಒಬ್ಬನೇ ಬೆಲ್ಲಿನವನಂತೆ. ಮೇಲಧಿಕಾರಿ ಬಂದು ನಿಂತರೂ ಬೆಲ್ಲಿನ ಹಗ್ಗಕ್ಕೆ ಕೈ ಹಾಕುವಂತಿರಲಿಲ್ಲವಂತೆ. ಅಂದಿನಿಂದ ನಮ್ಮ ಕಾರಿನಲ್ಲಿ ಹಿಂದಿನ ಸೀಟಿಗೆ ಯಾರನ್ನೂ ಕೂರಿಸಲಿಲ್ಲ.

ಆ ಬಿಳಿ ಕಾರಿನ ಗುಣಗಾನ ಮಾಡಲಾರೆ. ಸ್ಟೇರಿಂಗು ರಾಗಿ ಕಲ್ಲಿನ ಹಾಗೆ, ತಿರುಗಿಸಿದರೆ ಭುಜ ಬೀಳುತ್ತಿತ್ತು. ಮೂರನೇ ಗೇರು ತಾನಾಗಿ ಕಳಚಿಕೊಳ್ಳುತ್ತಿತ್ತು, ಹಿಡಿದುಕೊಂಡೇ ಓಡಿಸಬೇಕು. ಮಳೆ ಬಂದರೆ ನನ್ನ ಎಡಗಾಲಿಗೆ ಸ್ನಾನ. ಗಾಳಿಚೀಲ ಇರಲಿಲ್ಲ, ಗುದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಸ ಕಾರುಗಳು ಜೀವ ಉಳಿಸುತ್ತವೆ ಎಂದು ಯಾರಾದರೂ ವಾದಿಸಿದರೆ ನಾನೇ ಎದ್ದು ಅವರ ಪರ ಮಾತಾಡಿ ಕಪ್ಪು ತೆಗೆದುಕೊಂಡು ಹೋಗುತ್ತೇನೆ. ಆ ಕಾರಿನ ಪರವಾಗಿ ನಾನು ಹೇಳುವುದು ಒಂದೇ: ಅದು ಸುಮ್ಮನಿರುತ್ತಿತ್ತು. ಮಾತಾಡುವವರಿಗೆ ಜಾಗ ಬಿಡುತ್ತಿತ್ತು.

ಒಂದು ವರ್ಷ ಅದಕ್ಕೆ ಸ್ಕೂಲಿನ ಗಾಡಿಯಾಗಿ ಪರವಾನಗಿ ಮುಂದುವರಿಸಲು ಆಗುವುದಿಲ್ಲ ಎಂದರು. ವಯಸ್ಸಾಗಿತ್ತು. ಅದೇ ಹೊತ್ತಿಗೆ ಎದುರಿನ ಸ್ಕೂಲಿನವನು ಹೊಸ ಕಾರಿನ ಚಿತ್ರ ಹಾಕಿ ದೊಡ್ಡ ಫ್ಲೆಕ್ಸು ಕಟ್ಟಿದ್ದ. ಸೆಲ್ವರಾಜಣ್ಣನೂ ಹೊಸದನ್ನೇ ತಂದರು, ಎಲ್ಲ ಸೌಕರ್ಯ ಇರುವುದು. ನಿಂಬೆಹಣ್ಣಿನ ಮೇಲೆ ಹತ್ತಿಸಿ, ಕರ್ಪೂರ ಹಚ್ಚಿ, ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ತಾವು ಎಡಗಡೆ ಕೂತು ಸೈನೈಡ್ ದಿಬ್ಬದ ಪಕ್ಕದ ಮೈದಾನಕ್ಕೆ ಹೊರಟರು. ಗಣಿಯ ಬೂದಿ ಮಣ್ಣು ಗುಡ್ಡದ ಹಾಗೆ ಬಿದ್ದಿರುವ ಆ ಜಾಗದಲ್ಲೇ ನಾವು ಎಂಟು ಹಾಕುವುದನ್ನು ಕಲಿಸುತ್ತಿದ್ದುದು.

ಹೊರಟ ಕೂಡಲೇ ಕೂಗು ಶುರು. ಬೆಲ್ಟು ಹಾಕು ಎಂದು ಕೂಗು. ನನ್ನ ಚೀಲ ಹಿಂದಿನ ಸೀಟಿನಲ್ಲಿತ್ತು, ಅದಕ್ಕೂ ಬೆಲ್ಟು ಹಾಕು ಎಂದು ಕೂಗು. ಹುಲ್ಲಿನ ಹೊರೆ ಹೊತ್ತ ಹೆಂಗಸು ರಸ್ತೆ ಅಂಚಿನಲ್ಲಿ ಹೋದರೆ ಕೂಗು, ಸ್ಕೂಟರಿನವನು ಪಕ್ಕ ಬಂದರೆ ಕೂಗು, ಗೋಡೆ ಹತ್ತಿರ ಬಂದರೆ ಕೂಗು, ದೂರ ಹೋದರೆ ಇನ್ನೊಂದು ರಾಗದ ಕೂಗು. ಸೆಲ್ವರಾಜಣ್ಣ ಅಭ್ಯಾಸಬಲದಿಂದ ತಟ್ಟಲು ಎಡಗೈ ಚಾಚಿದರು. ಎ.ಸಿ. ಎಂದು ಗಾಜು ಮೇಲೆ ಏರಿತ್ತು, ಗೆಣ್ಣಿಗೆ ಪೆಟ್ಟಾಯಿತು. ಒಳಗೇ ತಟ್ಟೋಣ ಎಂದು ಮುಂದಿನ ಹಲಗೆ ತಟ್ಟಿದರೆ ಅದು ಮೆತ್ತಗೆ, ದಿಂಬಿಗೆ ತಟ್ಟಿದ ಹಾಗೆ. ಇನ್ನೂ ಸ್ವಲ್ಪ ಬಲಕ್ಕೆ ತಟ್ಟಿದರು. ಅದು ಪರದೆ. ಅವರ ಬೀಗರಿಗೆ ಫೋನು ಹೋಯಿತು. ಬೀಗರ ಧ್ವನಿ ಕಾರಿನ ತುಂಬ ಹರಡಿ, ಏನು ಸಮಾಚಾರ, ಬೆಳಿಗ್ಗೆ ಬೆಳಿಗ್ಗೆ ಎಂದು ಕೇಳಿತು. ಅದನ್ನು ಹೇಗೆ ನಿಲ್ಲಿಸಬೇಕೆಂದು ನಮ್ಮಿಬ್ಬರಿಗೂ ತಿಳಿಯದೆ ಅಷ್ಟು ದೂರವೂ ಬೀಗರ ಕ್ಷೇಮಸಮಾಚಾರ ಕೇಳಿಕೊಂಡೇ ಹೋದೆವು.

ನಗು ಬಂದಿದ್ದು ನಿಜ. ಅದು ಬಹಳ ದಿನ ಉಳಿಯಲಿಲ್ಲ.

ಹೊಸಬರು ಇದನ್ನು ಚೆನ್ನಾಗಿ ಗಮನಿಸಿ. ಕಲಿಸುವವರ ಬಲಗೈ ಯಾವಾಗಲೂ ಹ್ಯಾಂಡ್ ಬ್ರೇಕಿನ ಹತ್ತಿರ ಇರುತ್ತದೆ. ಕಲಿಯುವವರು ಗಾಬರಿಯಾದರೆ ಯೋಚನೆ ಮಾಡುವ ಮೊದಲೇ ಕೈ ಅದನ್ನು ಎಳೆದಿರುತ್ತದೆ. ಹೊಸ ಕಾರಿನಲ್ಲಿ ಆ ಜಾಗದಲ್ಲಿ ಕಾಫಿ ಲೋಟ ಇಡುವ ಗುಂಡಿ ಇತ್ತು. ಬ್ರೇಕು ಎಲ್ಲೋ ಒಂದು ಬಟನ್ನಾಗಿ, ಬೆರಳುಗುರಿನಷ್ಟಾಗಿ ಕೂತಿತ್ತು. ಬೂದಿಕೋಟೆ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ನನ್ನ ಕೈ ತಾನಾಗಿ ಹೋಗಿ ಆ ಲೋಟದ ಗುಂಡಿಯನ್ನು ಎಳೆಯಿತು. ಕಾಲಿನ ಬ್ರೇಕು ಇತ್ತು, ನಿಂತೆವು. ಎಮ್ಮೆ ನನ್ನನ್ನು ನೋಡಿಕೊಂಡು ಹೋಯಿತು. ನಾನು ಆ ಗುಂಡಿಯೊಳಗಿನ ನನ್ನ ಬೆರಳುಗಳನ್ನು ನೋಡಿಕೊಂಡು ಕೂತೆ.

ರೈಲ್ವೆ ಗೇಟಿನಲ್ಲಿ ನಿಂತರೆ ಇಂಜಿನ್ನು ತಾನೇ ಆರಿಹೋಗುವುದು ಇನ್ನೊಂದು ಸೌಕರ್ಯ. ಪೆಟ್ರೋಲು ಉಳಿಯುತ್ತದಂತೆ. ಕಲಿಯುವವರಿಗೆ ಗಾಡಿ ಆಫ್ ಆಗುವುದು ಎಂದರೆ ಮಾನ ಹೋದ ಹಾಗೆ. ಆ ಭಯ ಬಿಡಿಸಲು ನಮಗೆ ವಾರಗಟ್ಟಲೆ ಬೇಕು. ಇದು ಮಾಡದ ತಪ್ಪಿಗೆ ಆಫ್ ಆಗುತ್ತಿತ್ತು. ಗೇಟು ತೆಗೆದಾಗ ಗಾಬರಿಯಿಂದ ಸ್ಟಾರ್ಟ್ ಮಾಡುವ ಬಟನ್ ಒತ್ತುತ್ತಿದ್ದರು, ಆಗ ನಿಜವಾಗಿಯೂ ಆಫ್ ಆಗುತ್ತಿತ್ತು. ಹಿಂದೆ ಲಾರಿಗಳ ಹಾರನ್ನು.

ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಧಾರವಾಡ ಕಡೆಯ ಬಸವರಾಜ ಎಂಬವರು ಕಲಿಯಲು ಬಂದಿದ್ದರು. ಯಂತ್ರಗಳನ್ನು ತಿಳಿದವರು, ನನಗಿಂತ ಚೆನ್ನಾಗಿ ವಾದ ಮಾಡುವವರು. ಮುಂದೆ ಕುರಿಮಂದೆ ಕಂಡರೂ ಕಾಲು ಬ್ರೇಕಿಗೆ ಹೋಗಲಿಲ್ಲ. ನಾನು ತುಳಿದು ನಿಲ್ಲಿಸಿ ಯಾಕೆ ಸಾರ್ ಎಂದೆ.

"ಗಾಡೀನ ಬ್ರೇಕ್ ಹಾಕ್ತದಲ್ರೀ ಮೇಡಂ. ನಾ ಯಾಕ ಕಾಲು ನೋಯ್ಸ್ಕೊಳ್ಲಿ?"

ಅದು ಹಾಕದಿದ್ದರೆ ಎಂದೆ. ಹಾಕ್ತದ ಅಂತ ಬರದಾರಲ್ರೀ ಎಂದರು. ಕುರಿಗಳಿಗೆ ಓದಲು ಬರುವುದಿಲ್ಲ ಸಾರ್ ಎಂದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. ಅವರನ್ನು ಸುಮ್ಮನಾಗಿಸಿದ್ದು ನಾನಲ್ಲ, ಬಂಗಾರಪೇಟೆ ರಸ್ತೆಯ ಗುಂಡಿ. ಗುಂಡಿ ತಪ್ಪಿಸಲು ಅವರು ಬಿಳಿ ಗೆರೆ ದಾಟಿದರು, ಗೆರೆ ದಾಟಬಾರದು ಎಂದು ಕಾರು ಸ್ಟೇರಿಂಗನ್ನು ವಾಪಸು ಎಳೆಯಿತು. ಇಬ್ಬರೂ ಜಗ್ಗಾಡಿ ಕೊನೆಗೆ ಗುಂಡಿಗೇ ಇಳಿದರು. ಅಲ್ಲಿಂದ ಅವರು ಕಾರನ್ನು 'ನಮ್ಮ ಮ್ಯಾನೇಜರು' ಎಂದು ಕರೆಯತೊಡಗಿದರು.

ಇಂಥವೆಲ್ಲ ಕಿರಿಕಿರಿಗಳು. ಕೆಲವನ್ನು ಆಫ್ ಮಾಡಬಹುದು ಎಂದು ಆಮೇಲೆ ತಿಳಿಯಿತು. ಪರದೆಯ ಯಾವುದೋ ಮೂಲೆಗೆ ಹೋಗಿ ಒಂದೊಂದಾಗಿ ಬಾಯಿ ಮುಚ್ಚಿಸಬೇಕು. ಮಾರನೇ ದಿನ ಹೊರಡಿಸಿದರೆ ಮತ್ತೆ ಎಲ್ಲ ಬಾಯಿ ತೆರೆದಿರುತ್ತಿದ್ದವು. ಕಿರಿಕಿರಿಗೆ ಯಾರೂ ಕೆಲಸ ಬಿಡುವುದಿಲ್ಲ. ನಾನು ಬಿಟ್ಟಿದ್ದು ಲಕ್ಷ್ಮಕ್ಕನಿಂದ.

ಲಕ್ಷ್ಮಕ್ಕ ಬೂದಿಕೋಟೆ ಹತ್ತಿರದ ಹಳ್ಳಿಯವಳು. ಕೂಲಿಗೆ ಹೋಗುವವಳು, ನಲವತ್ತರ ಆಚೆ ಈಚೆ. ಗಂಡ ವೆಂಕಟೇಶಪ್ಪ ಒಂದು ಹಳೇ ವ್ಯಾನು ಇಟ್ಟುಕೊಂಡು ಬಾಡಿಗೆ ಓಡಿಸುತ್ತಿದ್ದರು. ಆ ಸುತ್ತಿನ ಬಸುರಿಯರು, ಮದುಮಕ್ಕಳು, ಟೊಮ್ಯಾಟೊ ಕ್ರೇಟುಗಳು, ಎಲ್ಲ ಅದರಲ್ಲೇ. ಪಾರ್ಶ್ವವಾಯು ಬಡಿದು ಅವರ ಬಲಭಾಗ ಹೋಯಿತು, ಮಾತೂ ಹೋಯಿತು. ಕೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಿದ್ದರು. ಉಳಿದ ಹೊತ್ತೆಲ್ಲ ಜಗಲಿಯ ಮೇಲೆ.

"ಗಾಡಿ ಮನೆ ಮುಂದೆ ನಿಂತೈತೆ, ಅವ್ರು ಅದನ್ನೇ ನೋಡ್ಕೊಂಡು ಕೂತವ್ರೆ," ಎಂದಳು ಮೊದಲ ದಿನ. "ಯಾರಾನಾ ಕೊಳ್ಳಕ್ಕೆ ಬಂದ್ರೆ ಕೋಲ್ ಎತ್ತಾರೆ. ಅದೂ ಓದ್ರೆ ಅವ್ರೂ ಓಗ್ಬಿಡ್ತಾರೆ ಮೇಡಮ್ಮಾ. ನಂಗೆ ಕಲ್ಸಿ. ನಾನು ಓಡುಸ್ತೀನಿ, ಅವ್ರು ಪಕ್ದಾಗೆ ಕೂತ್ಕಳ್ಲಿ."

ಅವಳಿಗೆ ಬೇಕಿದ್ದುದು ಅಷ್ಟೇ. ವ್ಯಾನು ಮತ್ತೆ ಹೊರಡಬೇಕು, ಗಂಡ ಅದರೊಳಗೆ ಕೂತಿರಬೇಕು.

ಬಿಳಿ ಕಾರು ಆಗ ಇನ್ನೂ ಸೆಲ್ವರಾಜಣ್ಣನ ಶೆಡ್ಡಿನಲ್ಲೇ ಇತ್ತು. ನಾನು ಅವರ ಹತ್ತಿರ ಹೋಗಿ ವಾದ ಹೂಡಿದೆ. ಈ ಹೆಂಗಸು ಮುಂದೆ ಓಡಿಸುವುದು ಹಳೇ ವ್ಯಾನು. ಅದರಲ್ಲಿ ಕೂಗುವುದೇನೂ ಇಲ್ಲ, ತಾನಾಗಿ ನಿಲ್ಲುವುದೇನೂ ಇಲ್ಲ. ಹೊಸ ಕಾರಿನಲ್ಲಿ ಕಲಿತರೆ ಅವಳು ಕಲಿಯುವುದು ಆ ಕಾರನ್ನು, ಓಡಿಸುವುದನ್ನಲ್ಲ. ರಸ್ತೆಗೆ ಬೇಡ, ಮೈದಾನದಲ್ಲಿ ಮಾತ್ರ ಹಳೇ ಕಾರು ಕೊಡಿ. ಸೆಲ್ವರಾಜಣ್ಣ ಪೂರ್ತಿ ಕೇಳಿ, ನೀ ಹೇಳೋದು ಸರಿ ತಂಗಚ್ಚಿ, ಎಂದರು. ಚರ್ಚೆಯಲ್ಲಿ ನನಗೆ ಯಾರೂ ಕಲಿಸದ ಸಂಗತಿ ಇದು: ಎದುರಿನವರು ಸರಿ ಎಂದು ಒಪ್ಪಿಕೊಂಡ ಮೇಲೂ ಏನೂ ಬದಲಾಗದಿರಬಹುದು. ಗುಜರಿಯವನಿಗೆ ಮೊದಲೇ ಮಾತು ಕೊಟ್ಟಾಗಿತ್ತು. ಅದೇ ವಾರ ಗಾಡಿ ಹೋಯಿತು. ನೆನಪಿಗೆ ಏನಾದರೂ ಕಳಚಿಟ್ಟುಕೊಳ್ಳಿ ಎಂದೆ. ಗಣಿ ಮುಚ್ಚಿದಾಗಲೂ ಏನೂ ತರಲಿಲ್ಲ ಎಂದರು.

ಲಕ್ಷ್ಮಕ್ಕ ಹೊಸ ಕಾರಿನಲ್ಲೇ ಕಲಿತಳು. ಮೊದಮೊದಲು ಪ್ರತಿ ಕೂಗಿಗೂ ಬೆಚ್ಚಿ ಸ್ಟೇರಿಂಗು ಬಿಡುತ್ತಿದ್ದಳು. ಇದೇನು ಮೇಡಮ್ಮಾ, ಕೈಗೂಸಿಗಿಂತ ಎಚ್ಚಾಗಿ ಅಳ್ತದೆ ಎಂದಳು. ನಾನು ಮುಂದೆ ನೋಡು, ಕನ್ನಡಿ ನೋಡು, ಅದರ ಮಾತು ಕೇಳಬೇಡ ಎಂದು ಹೇಳುತ್ತಲೇ ಇದ್ದೆ. ತಟ್ಟುವುದಕ್ಕೆ ಜಾಗವಿಲ್ಲದೆ ಮತ್ತೆ ಬಾಯಿಗೇ ಬಂದಿದ್ದೆ. ದಿನ ಕಳೆದಂತೆ ಬೆಚ್ಚುವುದು ನಿಂತಿತು. ಧೈರ್ಯ ಬಂತು ಎಂದು ನಾವು ಸಂತೋಷಪಟ್ಟೆವು. ನಿಜವಾಗಿ ಆಗಿದ್ದೇನೆಂದರೆ, ಕೂಗುಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಅವಳ ಕಿವಿ ತಾನೇ ಆರಿಸಿಕೊಂಡಿತ್ತು. ರಸ್ತೆಯಲ್ಲಿನ ಕೂಗೆಲ್ಲ ಸುಳ್ಳು. ರಿವರ್ಸಿನ ಕೂಗು ಮಾತ್ರ ನಿಜ: ಬಿಟ್ಟು ಬಿಟ್ಟು ಬಂದರೆ ಇನ್ನೂ ಜಾಗವಿದೆ, ಬಿಡದೆ ಕೂಗಿದರೆ ಮುಗಿಯಿತು. ಅದನ್ನು ನಾನು ಕಲಿಸಿರಲಿಲ್ಲ. ಅದು ನನಗಿಂತ ಚೆನ್ನಾಗಿ ಕಲಿಸಿತ್ತು.

ಟೆಸ್ಟಿನ ದಿನ ಕೀಲಿ ಕೈಕೊಟ್ಟಿತು. ಕೀಲಿ ಎಂದರೆ ಕೀಲಿಯಲ್ಲ, ಜೇಬಿನಲ್ಲಿದ್ದರೆ ಸಾಕು ಎನ್ನುವ ಒಂದು ಕರಿ ಬಿಲ್ಲೆ. ಅದರೊಳಗಿನ ಸೆಲ್ಲು ಸತ್ತು ಕಾರು ನಮ್ಮನ್ನು ಗುರುತಿಸಲಿಲ್ಲ. ಸೆಲ್ವರಾಜಣ್ಣ ಆ ಬಿಲ್ಲೆಯನ್ನು ಬಾಗಿಲಿಗೆ ಉಜ್ಜಿದರು, ಬಿಸಿಲಿಗೆ ಹಿಡಿದರು, ಕೊನೆಗೆ ಅದಕ್ಕೆ ತಮಿಳಿನಲ್ಲಿ ಬೇಡಿಕೊಂಡರು. ಟೆಸ್ಟು ತೆಗೆದುಕೊಳ್ಳುವ ಆರ್‌ಟಿಒ ಸಾಹೇಬರು ಊಟಕ್ಕೆ ಎದ್ದು ಹೋದರು. ಲಕ್ಷ್ಮಕ್ಕ ಕೂಲಿ ಬಿಟ್ಟು ಬಂದವಳು ಬಸ್ಸು ಹಿಡಿದು ವಾಪಸು ಹೋದಳು. ಎರಡನೇ ಸಲ ಬಂದಾಗ ಎಂಟು ಹಾಕಿದಳು, ರಿವರ್ಸು ತೆಗೆದಳು. ಕೂಗು ಬಿಡದೆ ಬರುವವರೆಗೂ ಹಿಂದೆ ಹೋಗಿ ಗೆರೆಯ ಮೇಲೆ ಗಕ್ಕನೆ ನಿಲ್ಲಿಸಿದಳು. ಸಾಹೇಬರು ಭೇಷ್ ಎಂದರು.

ನನಗೆ ಸಮಾಧಾನವಾಗಲಿಲ್ಲ. ಭಾನುವಾರಗಳಂದು ನಾನೇ ಅವಳ ಹಳ್ಳಿಗೆ ಹೋಗಿ ವ್ಯಾನಿನಲ್ಲಿ ಕಲಿಸತೊಡಗಿದೆ. ಮೊದಲ ಭಾನುವಾರ ವೆಂಕಟೇಶಪ್ಪ ಜಗಲಿಯಿಂದ ಎದ್ದು ಕೋಲೂರಿಕೊಂಡು ಬಂದು ಮುಂದಿನ ಎಡ ಸೀಟಿನ ಬಾಗಿಲಿನ ಮುಂದೆ ನಿಂತರು. ಅವರ ಗಾಡಿ, ಅವರು ಕೂರಬೇಕು. ನಾನು ಹಿಂದೆ ಹೋದೆ. ಸ್ವಲ್ಪ ದೂರ ಹೋಗುವುದರಲ್ಲಿ ಲಕ್ಷ್ಮಕ್ಕ ಒಂದು ಕಲ್ಲಿನ ಕಡೆ ಎಳೆದಳು. ವೆಂಕಟೇಶಪ್ಪನವರ ಬಾಯಿಂದ ಬರೀ ಗೊರಗೊರ ಸದ್ದು. ಅವರ ಎಡಗೈ ಕಿಟಕಿಯ ಹೊರಗಿತ್ತು. ಬಾಗಿಲಿನ ತಗಡಿಗೆ ಬಡಿದರು, ಸಿಟ್ಟಿನಿಂದ, ಲೆಕ್ಕವಿಲ್ಲದೆ.

ಆ ಕೈ ಕಂಡು ನನಗೆ ಹೊಳೆಯಿತು. ಗಾಡಿ ನಿಲ್ಲಿಸಿ ಇಬ್ಬರಿಗೂ ಹೇಳಿಕೊಟ್ಟೆ. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು, ಮೂರು ತಟ್ಟಿದರೆ ಮನುಷ್ಯರು. ವೆಂಕಟೇಶಪ್ಪ ತಗಡಿನ ಮೇಲೆ ಎರಡು ಸಲ ತಟ್ಟಿದರು. ಲಕ್ಷ್ಮಕ್ಕ ಹೊರಡಿಸಿದಳು. ಒಂದು ಸಲ ತಟ್ಟಿದರು, ನಿಲ್ಲಿಸಿದಳು. ಮತ್ತೆ ಎರಡು. ಮತ್ತೆ ಒಂದು. ಮಕ್ಕಳ ಹಾಗೆ ಅದನ್ನೇ ಆಡಿದರು. ಬಾಯಿ ಬಿದ್ದ ಮೇಲೆ ಅವರು ಹೇಳಿದ್ದನ್ನು ಯಾರಾದರೂ ಹೇಳಿದ ಹಾಗೇ ಕೇಳಿದ್ದು ಅದೇ ಮೊದಲು. ದಾರಿಯಲ್ಲಿ ಸ್ಕೂಲಿನ ಮಕ್ಕಳು ಎದುರಾದಾಗ ಮೂರು ತಟ್ಟಿ, ತಿರುಗಿ ನನ್ನ ಮುಖ ನೋಡಿದರು. ಬಾಯಿ ಒಂದು ಕಡೆಗೆ ಎಳೆದಿತ್ತು. ನಗುತ್ತಿದ್ದರು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಬಂದ ಮೇಲೆ ಲಕ್ಷ್ಮಕ್ಕ ಹೇಳಿದಳು, ಈಗ ಮನೆಯೊಳಗೂ ಸುರು ಮಾಡ್ತಾರೆ ನೋಡಿ. ಹಾಗೇ ಆಯಿತಂತೆ. ಮಂಚದ ಕಾಲಿಗೆ ಎರಡು ತಟ್ಟಿದರೆ ಕಾಫಿ ತಾ ಎಂದು ಅರ್ಥವಂತೆ. ಒಂದು ತಟ್ಟಿದರೆ ಬಾಯಿ ಮುಚ್ಚು ಎಂದಂತೆ. ಅದುನ್ನ ಮಾತ್ರ ನಾನು ಕಲೀಲಿಲ್ಲ ಎಂದಳು.

ನಾನು ಹೋದ ಭಾನುವಾರಗಳಲ್ಲಿ ಎಲ್ಲ ಚೆನ್ನಾಗಿತ್ತು. ಮುಂದಕ್ಕೆ ಓಡಿಸುವುದೇ ನಮ್ಮ ಪಾಠ. ವ್ಯಾನು ತಿರುಗಿಸಲು ಊರಾಚೆ ಬೇಕಾದಷ್ಟು ಬಯಲಿತ್ತು. ನಾನಿಲ್ಲದ ಒಂದು ಬೆಳಿಗ್ಗೆ ಬಾಡಿಗೆಗೆ ಕರೆ ಬಂತು. ಪಕ್ಕದ ಊರಿನ ಬಾಣಂತಿಯನ್ನು ತವರಿಗೆ ಬಿಡಬೇಕಿತ್ತಂತೆ. ಮೊದಲ ಬಾಡಿಗೆ. ಲಕ್ಷ್ಮಕ್ಕ ವ್ಯಾನು ತೊಳೆದು, ಕನ್ನಡಿಗೆ ಹೂವು ಸಿಕ್ಕಿಸಿದಳು. ಮನೆಯ ಮುಂದಿನಿಂದ ಹಿಂದಕ್ಕೆ ತೆಗೆಯಬೇಕಿತ್ತು. ಹಿಂದೆ ದನಗಳಿಗೆ ನೀರಿಡುವ ಕಲ್ಲಿನ ತೊಟ್ಟಿ. ವೆಂಕಟೇಶಪ್ಪ ಹತ್ತಿ ಕೂರಲಿಲ್ಲ. ಗಾಡಿ ಹಿಂದೆ ತೆಗೆಯುವಾಗ ಒಬ್ಬರು ಹಿಂದೆ ನಿಂತು ತಟ್ಟುವುದು ಡ್ರೈವರುಗಳ ಪದ್ಧತಿ. ಕೋಲೂರಿಕೊಂಡು ಹೋಗಿ ತೊಟ್ಟಿಗೆ ಒರಗಿ ನಿಂತರು. ಎರಡು ತಟ್ಟಿದರು. ಅವಳು ಬಿಟ್ಟಳು. ಗಾಡಿ ಹತ್ತಿರ ಬಂತು. ಒಂದು ತಟ್ಟಿದರು.

ಅವರ ತೊಡೆಯ ಮೂಳೆ ತೊಟ್ಟಿಗೂ ಗಾಡಿಗೂ ನಡುವೆ ಸಿಕ್ಕಿ ಮುರಿಯಿತು. ಬಾಡಿಗೆ ಬೇರೆ ಗಾಡಿಗೆ ಹೋಯಿತು.

ಕೋಲಾರದ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವರು ತಟ್ಟಿದ್ದು ಕೇಳಿಸಲಿಲ್ಲವಾ ಅಕ್ಕ ಎಂದೆ. ಕೇಳಬಾರದಿತ್ತು, ಕೇಳಿದೆ.

"ಕೇಳುಸ್ತು ಮೇಡಮ್ಮಾ. ಚೆನ್ನಾಗೇ ಕೇಳುಸ್ತು. ಕೂಗು ಇನ್ನೂ ಬರ್ಲಿಲ್ವಲ್ಲ, ಜಾಗ ಐತೆ ಅಂತ ಒಂಚೂರು ಬಿಟ್ಟೆ."

ಇಲ್ಲಿ ನೀವು ನನ್ನನ್ನು ತಡೆದು ಪ್ರಶ್ನೆ ಕೇಳಬಹುದು. ಹೊಸ ಕಾರು ಆ ಅಂಗಳದಲ್ಲೇ ಇರಲಿಲ್ಲ, ಅದರ ತಪ್ಪೇನು? ಒಪ್ಪಿದೆ. ಅದೇ ಕಾರು ಅಲ್ಲಿ ಇದ್ದಿದ್ದರೆ ಕೂಗಿ ಅವರ ಕಾಲು ಉಳಿಸುತ್ತಿತ್ತು, ಅದನ್ನೂ ಒಪ್ಪಿದೆ. ಹಳೇ ವ್ಯಾನಿಗೂ ಒಂದು ಕೂಗು ಹಾಕಿಸಬಹುದಿತ್ತು ಎನ್ನುವಿರಿ, ಹಾಕಿಸಬಹುದಿತ್ತು. ಲಕ್ಷ್ಮಕ್ಕನ ತಪ್ಪು ಎನ್ನುವಿರಾ? ಅವಳು ಕಲಿತಿದ್ದನ್ನೇ ಮಾಡಿದಳು, ಅದಕ್ಕೇ ಸಾಹೇಬರು ಭೇಷ್ ಎಂದಿದ್ದು. ಈ ವಿಷಯದ ಮೇಲೆ ಯಾವ ಕಡೆಯ ಚೀಟಿ ಬಂದರೂ ನಾನು ಗೆಲ್ಲಬಲ್ಲೆ. ಗೆದ್ದರೆ ಆ ಮೂಳೆ ಕೂಡುವುದಿಲ್ಲ, ಅಷ್ಟೇ.

ಸೆಲ್ವರಾಜಣ್ಣನಿಗೆ ಹೇಳಿದಾಗ ಅವರು ಕಾರಿನ ಗಾಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. ಎರಡು ಬೆಲ್ಲು ಎಂದರು. ಗಣಿಯಲ್ಲಿ ಹೀಗೆ ಆಗಿತ್ತಾ ಎಂದು ಕೇಳಿದೆ. ಅದೇ ಗಾಜನ್ನು ಮತ್ತೆ ಒರೆಸಿದರು.

ಆಮೇಲೂ ಕೆಲವು ತಿಂಗಳು ಕಲಿಸಿದೆ. ಕಾರು ಕೂಗುವುದು, ನಾನು ಕೂಗುವುದು. ನಾನು ನಿಲ್ಲು ಎಂದರೆ ಹುಡುಗರು ಮೊದಲು ಪರದೆ ನೋಡುವರು, ಅದು ಸುಮ್ಮನಿದ್ದರೆ ಮುಂದೆ ಹೋಗುವರು. ಒಂದು ದಿನ ಸೈನೈಡ್ ದಿಬ್ಬದ ಮೈದಾನದಲ್ಲಿ ಲೆಕ್ಕ ಸ್ಪಷ್ಟವಾಯಿತು. ಬೆಲ್ಲು ಒಬ್ಬನೇ ಹೊಡೆಯಬೇಕು ಎನ್ನುವುದು ನಿಯಮವಾದರೆ, ಇಬ್ಬರಲ್ಲಿ ಒಬ್ಬರು ಇಳಿಯಬೇಕು. ಕಾರು ಇಳಿಯುವುದಿಲ್ಲ. ನಾನು ಇಳಿದೆ. ಸೆಲ್ವರಾಜಣ್ಣ ಇರು ಎನ್ನಲಿಲ್ಲ. ಸ್ಕೂಲನ್ನು ಈಗ ಅವರ ಅಳಿಯ ನಡೆಸುತ್ತಾನೆ, ಚೆನ್ನಾಗಿಯೇ ನಡೆಯುತ್ತಿದೆ ಎಂದು ಕೇಳಿದ್ದೇನೆ.

ನೀವು ಈ ಕೆಲಸಕ್ಕೆ ಬರಬೇಡಿ ಎಂದು ನಾನು ಹೇಳುವುದಿಲ್ಲ. ಬನ್ನಿ. ಬಂದ ದಿನವೇ ಕಲಿಯುವವರನ್ನು ಒಂದು ಪ್ರಶ್ನೆ ಕೇಳಿ: ನಾಳೆ ನೀವು ಓಡಿಸುವ ಗಾಡಿ ಯಾವುದು? ಉತ್ತರ ಕೇಳಿಸಿಕೊಂಡು ಆಮೇಲೆ ಕಲಿಸಿ. ಬೇರೆ ಉಪದೇಶ ನನ್ನಲ್ಲಿಲ್ಲ.

ಕಳೆದ ತಿಂಗಳು ಆ ಹಳ್ಳಿಗೆ ಹೋಗಿದ್ದೆ. ವ್ಯಾನು ಅಲ್ಲೇ ನಿಂತಿದೆ. ಗಾಳಿ ಹೋದ ಚಕ್ರಗಳು ಮಣ್ಣಿಗೆ ಅಂಟಿಕೊಂಡಿವೆ, ಕನ್ನಡಿಯಲ್ಲಿ ಹೂವಿನ ನಾರು ಮಾತ್ರ ಇದೆ. ವೆಂಕಟೇಶಪ್ಪ ಈಗ ಜಗಲಿಗೂ ಬರುವುದಿಲ್ಲ. ಒಳಗೆ ಮಂಚದ ಮೇಲೆ, ಬಾಗಿಲಿನಿಂದ ವ್ಯಾನು ಕಾಣುವ ಹಾಗೆ ಮಲಗಿರುತ್ತಾರೆ. ನನ್ನನ್ನು ಕಂಡು ಎಡಗೈ ಎತ್ತಿದರು, ಮುಖ ಒಂದು ಕಡೆಗೆ ಎಳೆಯಿತು. ಲಕ್ಷ್ಮಕ್ಕ ಒಲೆಯ ಮುಂದೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಬೆಳಿಗ್ಗೆಯಿಂದ ಟೊಮ್ಯಾಟೊ ಕಿತ್ತು ಬಂದವಳ ಕೈಗಳಲ್ಲಿ ಹಸಿರು ಕಲೆ. ಲೈಸೆನ್ಸು ಇನ್ನೂ ಇದೆಯಲ್ಲ ಅಕ್ಕ ಎಂದೆ. ಇರ್ಲಿ ಬಿಡಿ ಎಂದಳು.

ವೆಂಕಟೇಶಪ್ಪ ಬಾಗಿಲಿನಾಚೆ ವ್ಯಾನಿನ ಕಡೆ ನೋಡಿದರು, ಆಮೇಲೆ ಹೆಂಡತಿಯ ಬೆನ್ನನ್ನು ನೋಡಿದರು. ಕೈ ಇಳಿಸಿ ಮಂಚದ ಕಾಲಿಗೆ ತಟ್ಟಿದರು. ಎರಡು.

ಕಾಫಿ ಕೇಳಿದ್ದಲ್ಲ ಎಂದು ನನಗೂ ತಿಳಿಯಿತು. ಅವಳಿಗೆ ತಿಳಿಯದೇ ಇರುತ್ತದೆಯೇ? ಅವಳು ಸೌಟು ಆಡಿಸುವುದನ್ನು ನಿಲ್ಲಿಸಿದಳು. ಅವರು ಮತ್ತೆ ತಟ್ಟಿದರು, ಎರಡು, ಈ ಸಲ ಮೆಲ್ಲಗೆ.

ಅವಳು ತಿರುಗಲಿಲ್ಲ. ಸೌಟನ್ನು ಎತ್ತಿ ಪಾತ್ರೆಯ ಅಂಚಿಗೆ ಒಂದು ಸಲ ತಟ್ಟಿದಳು.